ಸ್ವರ ಒಡೆಯುತ್ತದೆ ಅಂತ ತಂದವರು

ರೇಡಿಯೋ, ಟೇಪು ಎರಡೂ ಇರುವ ಟೂ ಇನ್ ಒನ್ ಸೆಟ್ಟಿನ ರಿಪೇರಿಯವನ ಹತ್ತಿರ ಜನ ಬರುವುದು ಸೆಟ್ಟು ಕೆಟ್ಟ ಕೂಡಲೇ ಅಲ್ಲ. ಕೆಟ್ಟ ಸೆಟ್ಟನ್ನು ಮನೆಯ ಯಜಮಾನ, ಅವನ ಭಾವ, ಭಾವನ ತಮ್ಮ ಎಲ್ಲರೂ ಒಂದೊಂದು ಸಲ ಬಿಚ್ಚಿ ನೋಡಿ, ಎರಡು ಸ್ಕ್ರೂ ಕಳೆದ ಮೇಲೆ ಬರುತ್ತಾರೆ. ಹಾಗಾಗಿ ನಮ್ಮ ಕಸುಬಿನಲ್ಲಿ ನಗೆಪಾಟಲಿಗೆ ಯಾವತ್ತೂ ಬರ ಬಂದದ್ದಿಲ್ಲ. ತೊಂಬತ್ತರ ದಶಕದ ಶುರುವಿನಿಂದ ಹದಿನೈದು ಹದಿನಾರು ವರ್ಷ ನಾನು ಶಿರಸಿಯಲ್ಲಿ ಈ ಅಂಗಡಿ ಇಟ್ಟುಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ, ಒಬ್ಬ ದರ್ಜಿಯ ಅಂಗಡಿಗೆ ತಾಗಿಕೊಂಡ ಗೂಡು ಅದು. ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ಒಬ್ಬರು ಹೊರಗೇ ನಿಲ್ಲಬೇಕಿತ್ತು. ಪುಣ್ಯಕ್ಕೆ ಹಾಗೆ ಒಟ್ಟಿಗೆ ಬಂದದ್ದು ಕಡಿಮೆ.

ದೊಡ್ಡ ಊರಿನ ರಿಪೇರಿಯವರ ಹತ್ತಿರ ಧ್ವನಿ ಎಲ್ಲಿ ಒಡೆಯುತ್ತದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಮಶೀನು ಇರುತ್ತದಂತೆ. ನನ್ನ ಹತ್ತಿರ ಇದ್ದದ್ದು ಒಂದು ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಒಂದು ಬಾಟಲಿ ಸ್ಪಿರಿಟ್, ಹತ್ತಿ, ಮತ್ತೆ ಎರಡು ಕಿವಿ. ಪರೀಕ್ಷೆಗೆ ಅಂತಲೇ ಒಂದು ಯಕ್ಷಗಾನದ ಕ್ಯಾಸೆಟ್ಟು ಇಟ್ಟುಕೊಂಡಿದ್ದೆ. ಭಾಗವತರು ಮೇಲಿನ ಸ್ವರಕ್ಕೆ ಏರಿದಾಗ ಟೇಪು ಓದುವ ಹೆಡ್ಡಿನ ಪಕ್ಕದ ಸ್ಕ್ರೂ ಸರಿಯಿದೆಯೋ ಇಲ್ಲವೋ ತಿಳಿಯುತ್ತಿತ್ತು. ಮದ್ದಲೆ ಗುಂಯ್ ಎಂದಾಗ ಸ್ಪೀಕರಿನ ಕಾಗದ ಹರಿದಿದೆಯೇ ಅಂತ ತಿಳಿಯುತ್ತಿತ್ತು. ಚಂಡೆ ಬಿದ್ದಾಗ ಸೆಟ್ಟು ತಡೆದುಕೊಂಡರೆ ರಿಪೇರಿ ಮುಗಿಯಿತು ಅಂತ ಲೆಕ್ಕ. ಇಷ್ಟಕ್ಕೆಲ್ಲ ನಾನು ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದೆ, ದಿನಕ್ಕೆ ಹತ್ತು ಸಲ.

ಆ ಕಿವಿಗಳೇ ಕೊನೆಗೆ ಕೈಕೊಟ್ಟವು. ಕಿವಿ ಉಳಿದರೆ ಅಂಗಡಿ ಉಂಟು, ಇಲ್ಲವಾದರೆ ಇಲ್ಲ. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬರುವ ಹಾಗೂ ಇರಲಿಲ್ಲ. ಈ ಪ್ರಸಂಗಗಳನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇರಲಿ, ಯಾರಾದರೂ ಒಬ್ಬರು ನಗಲಿ.

೧. ಕೊಪ್ಪರಿಗೆ

ಮತ್ತಿಘಟ್ಟದ ಕಡೆಯ ಒಬ್ಬ ಅಡುಗೆ ಭಟ್ಟರು. ಮದುವೆ, ಮುಂಜಿ ಎಲ್ಲಿದ್ದರೂ ಅವರೇ. ಅಡುಗೆ ಮಾಡುವಾಗ ಯಕ್ಷಗಾನದ ಕ್ಯಾಸೆಟ್ಟು ಓಡುತ್ತಲೇ ಇರಬೇಕು, ಇಲ್ಲದಿದ್ದರೆ ಅವರ ಕೈಗೆ ಉಪ್ಪಿನ ಅಂದಾಜು ಸಿಗುತ್ತಿರಲಿಲ್ಲವಂತೆ. ಒಂದು ದಿನ ಸೆಟ್ಟು ಹೊತ್ತುಕೊಂಡು ಬಂದರು.

"ತಮಾ, ಚಂಡೆ ಬಿದ್ದ ಕೂಡ್ಲೆ ಸ್ವರ ಒಡೀತು. ಭಾಗವತರು ಹಂಡೆಯೊಳಗೆ ಕೂತು ಹಾಡಿದ ಹಾಂಗೆ ಕೇಳ್ತು."

ಹೆಡ್ಡಿನ ಮೇಲೆ ಒಗ್ಗರಣೆಯ ಎಣ್ಣೆ ಒಂದು ಪದರ ಕೂತಿತ್ತು. ಸ್ಪಿರಿಟ್ ಹಾಕಿ ಒರೆಸಿದೆ. ನನ್ನ ಕ್ಯಾಸೆಟ್ಟು ಹಾಕಿದರೆ ಚಂಡೆ ಚೊಕ್ಕವಾಗಿ ಬಂತು. ಭಟ್ಟರು ಖುಷಿಯಲ್ಲಿ ಹೋದರು. ಎಂಟು ದಿನಕ್ಕೆ ಮತ್ತೆ ಬಂದರು.

"ಇಲ್ಲಿ ಬಂದ್ರೆ ಒಳ್ಳೆ ಮಾಣಿ ಹಾಂಗೆ ಇರ್ತು. ಅಡುಗೆ ಜಾಗಕ್ಕೆ ಹೋದ್ರೆ ಮತ್ತೆ ಅದೇ."

ಈ ಸಲ ಸ್ಪೀಕರು ಬದಲಿಸಿದೆ. ಅಂಗಡಿಯಲ್ಲಿ ಸರಿ, ಅಲ್ಲಿ ಹೋದರೆ ಮತ್ತೆ ಅದೇ. ಮೂರನೇ ಸಲ ಧ್ವನಿ ಏರಿಸುವ ಐಸಿಯನ್ನೇ ಕಿತ್ತು ಹೊಸದು ಹಾಕಿದೆ. ನಾಲ್ಕನೇ ಸಲ ಭಟ್ಟರು ಬಾಗಿಲಲ್ಲಿ ಕಂಡಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ನೀವು ಅಡುಗೆ ಮಾಡುವಲ್ಲಿಗೆ ನಾನೇ ಬರ್ತೆ," ಎಂದೆ.

ವಾನಳ್ಳಿಯಲ್ಲಿ ಒಂದು ಮುಂಜಿ. ಬಸ್ಸಿಳಿದು ಆ ಮನೆಯ ಬೇಲಿಯ ದಣಪೆ ದಾಟುವಷ್ಟರಲ್ಲೇ ನನಗೆ ಗೊತ್ತಾಯಿತು. ಭಾಗವತರ ಧ್ವನಿಯ ಹಿಂದೆ ತಾಮ್ರ ಝೇಂಕರಿಸುತ್ತಿತ್ತು. ಹಿಂದೆ ಅಡುಗೆ ಚಪ್ಪರಕ್ಕೆ ಹೋಗಿ ನೋಡಿದರೆ, ಒಲೆಯ ಪಕ್ಕ ಒಂದು ಖಾಲಿ ಕೊಪ್ಪರಿಗೆ, ಇನ್ನೂರು ಜನಕ್ಕೆ ಸಾರು ಹಿಡಿಸುವಂಥದ್ದು. ಅದರ ತಳದಲ್ಲಿ ನಮ್ಮ ಸೆಟ್ಟು, ವಾಲ್ಯೂಮು ತುದಿಗೆ.

"ಒಲೆ ಭರಭರ ಹೇಳ್ತು ತಮಾ. ಅಲ್ಲಿ ಕಾಯಿ ತುರಿಯವಕ್ಕೆ ಎಂತದೂ ಕೇಳ್ತಿಲ್ಲೆ. ಇದರೊಳಗೆ ಇಟ್ರೆ ಊರಿಗೇ ಕೇಳ್ತು," ಎಂದರು ಭಟ್ಟರು ಹೆಮ್ಮೆಯಿಂದ.

ಪಾತ್ರೆಯೇ ಧ್ವನಿಯನ್ನು ಒಡೆಯುತ್ತಿದೆ, ಸೆಟ್ಟಿನಲ್ಲಿ ಏನೂ ದೋಷ ಇಲ್ಲ, ಮೊದಲೂ ಇರಲಿಲ್ಲ ಎಂದು ಬಿಡಿಸಿ ಹೇಳಿದೆ. ಭಟ್ಟರು ಸೌಟು ಹಿಡಿದುಕೊಂಡೇ ಗಂಭೀರವಾಗಿ ಯೋಚನೆ ಮಾಡಿದರು. ಆಮೇಲೆ ತಲೆಯಾಡಿಸಿದರು.

"ಖರೆ ಹೇಳಿದೆ ತಮಾ. ಇದು ಸಾರಿನ ಕೊಪ್ಪರಿಗೆ ಆತು. ನಾಳಿಂದ ಪಾಯಸದ್ದರಲ್ಲಿ ಇಡ್ತೆ."

೨. ಮಾಸ್ತರ ಕೆಮ್ಮು

ಸಿದ್ದಾಪುರ ತಾಲೂಕಿನ ಒಂದು ಶಾಲೆಯ ಮಾಸ್ತರು. ಆ ವರ್ಷ ನಿವೃತ್ತಿ. ಹೋಗುವ ಮೊದಲು ಮಕ್ಕಳ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗಬೇಕು ಅಂತ ಅವರಿಗೆ ಆಸೆ. ಮನೆಯಲ್ಲಿ ಕೂತು ಕೇಳಬಹುದು, ಬೇಜಾರಾದಾಗ ಒಂದು ಆಧಾರ ಎಂದಿದ್ದರು. ನನಗೆ ಪಾಪ ಅನ್ನಿಸಿತು.

"ಹುಡುಗರು ಹಾಡಲಿಕ್ಕೆ ಶುರು ಮಾಡಿದ ಕೂಡಲೇ ಧ್ವನಿ ಕುಸಿದು ಹೋಗ್ತದೆ. ನಾಲ್ಕು ಸಾಲು ಆದ ಮೇಲೆ ಮೆಲ್ಲಗೆ ಎದ್ದು ಬರ್ತದೆ. ಅಷ್ಟರಲ್ಲಿ ಹಾಡೇ ಮುಗಿದಿರ್ತದೆ," ಎಂದರು.

ಅವರ ಕ್ಯಾಸೆಟ್ಟು ಹಾಕಿ ಕೇಳಿದೆ. ಪ್ರತಿ ಹಾಡಿಗೂ ಮೊದಲು ಮೈಕಿನ ಬುಡದಲ್ಲೇ ಬಂದೂಕು ಹಾರಿಸಿದಂಥ ಒಂದು ಕೆಮ್ಮು, ಅದರ ಬೆನ್ನಿಗೆ "ಹಾಂ! ಒಂದು, ಎರಡು, ಮೂರು!" ಎಂಬ ಗರ್ಜನೆ. ಆಮೇಲೆ ಬಾವಿಯ ತಳದಿಂದ ಬಂದ ಹಾಗೆ ಮಕ್ಕಳ ದನಿ.

ಆ ಸೆಟ್ಟುಗಳಲ್ಲಿ ರೆಕಾರ್ಡಿಂಗಿನ ಲೆವೆಲ್ಲನ್ನು ಸೆಟ್ಟೇ ನೋಡಿಕೊಳ್ಳುತ್ತಿತ್ತು. ದೊಡ್ಡ ಶಬ್ದ ಬಂದರೆ ಒಡೆಯಬಾರದು ಅಂತ ತಾನಾಗಿ ತಗ್ಗಿಸುತ್ತದೆ, ಮತ್ತೆ ಏರಿಸಲಿಕ್ಕೆ ಸ್ವಲ್ಪ ಹೊತ್ತು ಬೇಕು. ಮಾಸ್ತರ ಕೆಮ್ಮಿಗೆ ಅದು ತಗ್ಗಿದ್ದು, ಮಕ್ಕಳ ಹಾಡು ಮುಗಿಯುವವರೆಗೂ ಚೇತರಿಸಿಕೊಂಡಿರಲಿಲ್ಲ. ಇದನ್ನೆಲ್ಲ ವಿವರಿಸುವಾಗಲೂ ಮಾಸ್ತರು ನಡುನಡುವೆ ಕೆಮ್ಮುತ್ತಿದ್ದರು.

"ಅಂದರೆ ಈ ಸೆಟ್ಟು ನನಗೆ ಹೆದರ್ತದೆ ಅಂತೀರಾ?"

"ಹೌದು ಸರ್."

"ಶಾಲೆಯಲ್ಲಿ ಇದೊಂದೇ ಹೆದರೂದು," ಎಂದರು ಮಾಸ್ತರು.

ಬಟನ್ ಒತ್ತಿಟ್ಟು ನೀವು ಹೊರಗೆ ಜಗಲಿಯಲ್ಲಿ ನಿಂತುಬಿಡಿ, ಮಕ್ಕಳು ತಾವೇ ಹಾಡಲಿ ಎಂದು ಸಲಹೆ ಕೊಟ್ಟೆ. ಒಂದು ತಿಂಗಳು ಬಿಟ್ಟು ಮಾಸ್ತರು ಮತ್ತೆ ಬಂದರು. ನಿವೃತ್ತಿಯ ಸಮಾರಂಭ ಮುಗಿದಿತ್ತು. ಮನೆಗೆ ಹೋಗುವ ದಾರಿಯಲ್ಲೇ ಬಸ್ಸು ಬದಲಿಸುವ ಮಧ್ಯೆ ಬಂದಿದ್ದರು, ಕ್ಯಾಸೆಟ್ಟನ್ನು ನನಗೆ ಕೇಳಿಸಬೇಕು ಅಂತ. ತಾವೂ ಇನ್ನೂ ಕೇಳಿರಲಿಲ್ಲವಂತೆ.

ಹಾಕಿದೆ. ಬಟನ್ನಿನ ಶಬ್ದ, ಮಾಸ್ತರ ಚಪ್ಪಲಿ ದೂರ ಹೋದ ಶಬ್ದ, ಬಾಗಿಲಿನ ಕಿರುಗುಟ್ಟುವಿಕೆ, ಎಲ್ಲ ಸ್ಪಷ್ಟ. ಆಮೇಲೆ ಒಬ್ಬ ಹುಡುಗನ ದನಿ: "ಮಾಸ್ತರ್ರು ಹೋದ್ರನ ನೋಡಾ." ಇನ್ನೊಂದು ದನಿ: "ಹೋದ್ರು ಹೋದ್ರು. ಸಾಕು, ಇನ್ನು ಯಾರೂ ಹಾಡದು ಬ್ಯಾಡ." ಆಮೇಲೆ ಬೆಂಚು ಹಾರುವ ಶಬ್ದ, ಯಾರನ್ನೋ ಗುದ್ದಿದ ಶಬ್ದ, ನಂತರ ಮಾಸ್ತರ ಕೆಮ್ಮಿನ ಅಣಕು, ಅದಕ್ಕೆ ಇಡೀ ತರಗತಿಯ ನಗು. ಹೀಗೇ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ. ಹಾಡು ಒಂದೂ ಇಲ್ಲ.

ನಾನು ತಲೆ ತಗ್ಗಿಸಿ ನೆಲ ನೋಡುತ್ತಿದ್ದೆ. ನಿಲ್ಲಿಸಲೂ ಧೈರ್ಯ ಬರಲಿಲ್ಲ. ಮಾಸ್ತರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ಕೇಳಿದರು. ಕ್ಯಾಸೆಟ್ಟು ಟಕ್ ಎಂದು ನಿಂತಿತು.

"ಲೆವೆಲ್ ಮಾತ್ರ ಶುರುವಿಂದ ಕೊನೆವರೆಗೆ ಒಂದೇ ಸಮ ಬಂದಿದೆ," ಎಂದರು. "ನಿಮ್ಮ ಕೆಲಸ ಚೊಕ್ಕ."

೩. ನಾಯಿ

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆಯ ಟೇಪುಗಳಿಗೆಲ್ಲ ಒಂದೇ ಕಾಯಿಲೆ ಬಂತು. ಯಾವ ಸೆಟ್ಟು ಹಾಕಿದರೂ ಕಂಬಳಿ ಹೊದಿಸಿದ ಹಾಗೆ ಮಂಕು ಧ್ವನಿ. ಭಾಗವತರು ಮೇಲೆ ಏರಿದರೆ ಏರಿದ್ದೇ ಗೊತ್ತಾಗುತ್ತಿರಲಿಲ್ಲ. ತಾಳದ ಕಿಣಿಕಿಣಿ ಅಂತೂ ಪೂರಾ ಮಾಯ. ಈಗಿನ ಹೆಡ್ಡುಗಳೇ ಕಳಪೆ ಎಂದು ಬೈದೆ. ಬ್ಯಾಟರಿಯನ್ನು ಬೈದೆ, ಥಂಡಿಯನ್ನು ಬೈದೆ. ಯಾರ್ಯಾರನ್ನೋ ಬೈದೆ, ನನ್ನ ಕಿವಿಯೊಂದನ್ನು ಬಿಟ್ಟು.

ಬೈದು ಸುಮ್ಮನೆ ಕೂರಲಿಲ್ಲ, ಅದೇ ತಪ್ಪಾಯಿತು. ಬಂದ ಸೆಟ್ಟಿಗೆಲ್ಲ ಹೆಡ್ಡಿನ ಸ್ಕ್ರೂ ತಿರುಗಿಸಿ, ಒಂದೆರಡು ಕಂಡೆನ್ಸರ್ ಬದಲಿಸಿ, ನನಗೆ ತಾಳ ಕೇಳುವವರೆಗೂ ಸ್ವರ ಏರಿಸಿ ಕೊಡುತ್ತಿದ್ದೆ. ಯಲ್ಲಾಪುರದಿಂದ ಮೂಡಲಿಗೆ, ಧಾರವಾಡದ ಗಡಿಯ ಹತ್ತಿರದ ಹಳ್ಳಿಯ ಒಬ್ಬ ರೈತರು ಹಾಗೆ ಒಯ್ದಿದ್ದನ್ನು ಮೂರೇ ದಿನಕ್ಕೆ ವಾಪಸು ತಂದರು.

"ಏನ್ ಮಾಡೀರಿ ಇದಕ್ಕ? ಹೆಣ್ಣಮಕ್ಕಳು ಹಾಡಿದ್ರ ಸೀಟಿ ಹೊಡದಂಗ ಕೇಳ್ತೈತಿ. ಬಾತ್ಮಿ ಓದಾಂವ ಹಾವಿನಂಗ ಬುಸುಗುಡ್ತಾನ."

ಹಾಕಿ ಕೇಳಿದೆ. ನನಗೆ ಅಮೃತದ ಹಾಗಿತ್ತು. "ಏನೂ ಆಗಿಲ್ವಲ್ಲ, ಎಷ್ಟು ಸ್ಪಷ್ಟ ಬರ್ತಾ ಇದೆ!" ಎಂದೆ.

"ಸ್ಪಷ್ಟ ಅಲ್ರೀ, ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತೈತಿ. ನಮ್ಮ ನಾಯಿ ಎಂಟು ವರ್ಷದ್ದು, ಯಾವತ್ತೂ ಬಾಗಲ ಮುಂದಿನ ಕಟ್ಟಿ ಬಿಟ್ಟು ಕದಲಿದ್ದಲ್ಲ. ಇದನ್ನ ಹಚ್ಚಿದ್ದೇ ತಡ, ಎದ್ದು ಹೊಲಕ್ಕ ಓಡ್ತೈತಿ. ಬಂದ್ ಮಾಡೂತನ ಮನೀ ಕಡೆ ಮುಖಾ ಹಾಕಾಂಗಿಲ್ಲ."

ನನಗೆ ಸಿಟ್ಟು ಬಂತು. ಹದಿಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನಾಯಿಯ ಮಾತು ಕೇಳಿ ಸೆಟ್ಟು ಬಿಚ್ಚಬೇಕೇ? "ನಾಯಿಗೆ ಮನುಷ್ಯರಿಗಿಂತ ಕಿವಿ ಚುರುಕು, ಅದನ್ನು ಲೆಕ್ಕಕ್ಕೆ ಹಿಡೀಬಾರದು," ಎಂದುಬಿಟ್ಟೆ.

ರೈತರು ನನ್ನ ಕಿವಿಯ ಕಡೆ ನೋಡಿದರು. ಅವರಿಗೆ ಆಗಲೇ ಗೊತ್ತಾಗಿತ್ತು ಅಂತ ಈಗ ಅನ್ನಿಸುತ್ತದೆ. ಆದರೂ ಮರ್ಯಾದೆ ಬಿಡಲಿಲ್ಲ.

"ಖರೇ ಐತ್ರಿ," ಎಂದರು. "ಹಂಗಾರ ನಾಳೆ ನಾಯೀನ ಕರಕೊಂಡು ಬರ್ತೀನಿ. ನೀವು ಸ್ಕ್ರೂ ತಿರುವಕೋತ ಹೋಗ್ರಿ, ಅದು ಎಲ್ಲಿ ಸುಮ್ಮನ ಕೂಡ್ತೈತಿ ಅಲ್ಲಿ ನಿಲ್ಲಸ್ರಿ."

೪. ಮುಖ ನೋಡಿ ರಿಪೇರಿ

ಆವತ್ತಿನಿಂದ ನನಗೆ ಒಳಗೊಳಗೇ ಭಯ ಹತ್ತಿತು. ಯಾರಿಗೂ ಹೇಳಲಿಲ್ಲ. ಕಿವಿ ಹೋದ ರೇಡಿಯೋ ರಿಪೇರಿಯವನ ಅಂಗಡಿಗೆ ಯಾರು ಕಾಲಿಡುತ್ತಾರೆ? ಮುಚ್ಚಿಟ್ಟುಕೊಂಡು ದಿನ ದೂಡಲು ಬೇರೆ ದಾರಿ ಹುಡುಕಿದೆ. ಸ್ಪೀಕರಿನ ಮೇಲೆ ಅಂಗೈ ಇಟ್ಟು ನಡುಕ ನೋಡುತ್ತಿದ್ದೆ. ಅದಕ್ಕಿಂತ ಒಳ್ಳೆಯ ಉಪಾಯ ಗಿರಾಕಿಯ ಮುಖ. ಸೆಟ್ಟು ಹಾಕಿ ಅವರ ಮುಖ ನೋಡುತ್ತ ಸ್ಕ್ರೂ ತಿರುಗಿಸುವುದು. ಹುಬ್ಬು ಗಂಟಿಕ್ಕಿದರೆ ಸ್ವರ ಇನ್ನೂ ಒಡೆಯುತ್ತಿದೆ, ಮುಖ ಅರಳಿದರೆ ಸರಿಯಾಯಿತು. ಸುಳ್ಳಲ್ಲ, ಎರಡು ವರ್ಷ ಹೀಗೇ ನಡೆಸಿದೆ. ಕೆಲವರು "ಮೊದಲಿಗಿಂತ ನೀ ಚಲೋ ಮಾಡ್ತೆ" ಅಂತಲೂ ಹೇಳಿದರು. ಮೊದಲು ನಾನು ಗಿರಾಕಿಯ ಮುಖ ನೋಡಿ ಮಾತಾಡಿದ್ದೇ ಇರಲಿಲ್ಲವಲ್ಲ.

ಒಂದು ದಿನ ಬೆಳಿಗ್ಗೆ ಹುಲಗೋಳದ ಒಬ್ಬ ಅಜ್ಜಿ ಚೀಲದಲ್ಲಿ ಸೆಟ್ಟು ಹಾಕಿಕೊಂಡು ಬಂದರು. ಸೊಸೆ ಒಂದು ಚೀಟಿ ಬರೆದು ಕೊಟ್ಟಿದ್ದಳು: ಸ್ವರ ಒಡೆಯುತ್ತದೆ, ಸರಿ ಮಾಡಿಕೊಡಿ. ಅಜ್ಜಿ ಸ್ಟೂಲಿನ ಮೇಲೆ ಕೂತರು. ನಾನು ಸೆಟ್ಟು ಬಿಚ್ಚಿ, ಒರೆಸಿ, ಕ್ಯಾಸೆಟ್ಟು ಹಾಕಿ ಅಜ್ಜಿಯ ಮುಖ ನೋಡಿದೆ. ಅಜ್ಜಿ ನನ್ನ ಮುಖ ನೋಡಿದರು.

ಸ್ಕ್ರೂ ಎಡಕ್ಕೆ ತಿರುಗಿಸಿದೆ. ಅಜ್ಜಿಯ ಮುಖದಲ್ಲಿ ಏನೂ ಇಲ್ಲ. ಬಲಕ್ಕೆ ತಿರುಗಿಸಿದೆ. ಏನೂ ಇಲ್ಲ. ಇಂಥ ಮುಖವನ್ನು ನಾನು ಅದುವರೆಗೆ ರಿಪೇರಿ ಮಾಡಿರಲಿಲ್ಲ. ವಾಲ್ಯೂಮು ಏರಿಸಿದೆ, ಇನ್ನೂ ಏರಿಸಿದೆ. ಅಜ್ಜಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ದಿಕ್ಕು ತೋಚದೆ ನಾನೇ ಸ್ವಲ್ಪ ನಕ್ಕೆ. ಅಜ್ಜಿಯ ಮುಖ ತಟ್ಟನೆ ಅರಳಿತು. ಅಂತೂ ಹಿಡಿದೆ ಅಂದುಕೊಂಡು ಸ್ಕ್ರೂವನ್ನು ಅಲ್ಲೇ ನಿಲ್ಲಿಸಿ, ಕದಲದ ಹಾಗೆ ಅದರ ತಲೆಗೆ ಒಂದು ಹನಿ ಬಣ್ಣ ಹಚ್ಚಿದೆ. ಇಬ್ಬರೂ ಎದುರುಬದುರು ಕೂತು ನಗುತ್ತ ಯಕ್ಷಗಾನ ಕೇಳಿದೆವು.

ಅಷ್ಟರಲ್ಲಿ ಪಕ್ಕದ ದರ್ಜಿ ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡವನೇ ಓಡಿ ಬಂದು ಸೆಟ್ಟಿನ ಬಟನ್ನು ತಾನೇ ಒತ್ತಿ ನಿಲ್ಲಿಸಿದ. ಅವನು ಕಿರುಚಿದ್ದು ನನಗೂ ಕೇಳಿತು.

"ಮಾರಾಯ್ರೇ, ಅರ್ಧ ತಾಸಿಂದ ತಗಡು ಗೀಚಿದ ಹಾಂಗೆ ಕರಕರ ಅಂತಾ ಇದೆ! ನನ್ನ ಗಿರಾಕಿ ಅಳತೆ ಕೊಡದೇ ಎದ್ದು ಹೋದರು!"

ನಾನು ಅಜ್ಜಿಯ ಕಡೆ ತಿರುಗಿದೆ. "ಅಜ್ಜೀ, ನಿಮಗೆ ಸರಿ ಕೇಳ್ತಿತ್ತಲ್ಲ?"

ಅಜ್ಜಿಗೆ ನನ್ನ ಪ್ರಶ್ನೆಯೂ ಕೇಳಲಿಲ್ಲ. ಕಿವಿ ತೋರಿಸಿ ಕೈ ಆಡಿಸಿದರು. "ಎಂಗೆ ಎರಡೂ ಕಿವಿ ಕೇಳ್ತಿಲ್ಲೆ ತಮಾ. ಪೇಟೆಗೆ ಹೆಂಗೂ ಹೋಗ್ತಲ, ಸರಿ ಮಾಡಿಸ್ಕಂಡು ಬಾ ಹೇಳಿ ಸೊಸೆ ಕಳಿಸಿದ್ದು. ನೀ ನಗಾಡಿದ್ಯಲ, ಅದಕ್ಕೆ ಸರಿ ಆತು ಹೇಳಿ ತಿಳ್ಕಂಡಿ."

ದರ್ಜಿ ಒಮ್ಮೆ ಅಜ್ಜಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಅವನ ದನಿ ತಗ್ಗಿತು.

"ಹಾಗಾದರೆ ಇಷ್ಟು ಹೊತ್ತು ನೀವಿಬ್ಬರು ಕೂತು ಕೇಳ್ತಾ ಇದ್ದದ್ದು ಏನು?"

೫. ಮಶೀನು

ದರ್ಜಿ ಒಳ್ಳೆಯವನು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮಧ್ಯಾಹ್ನ ನಾನು ಊಟಕ್ಕೆ ಹೋಗುವ ಮೊದಲೇ ನನ್ನ ಹೆಂಡತಿಗೆ ಸುದ್ದಿ ಮುಟ್ಟಿತ್ತು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಎಂಗೆ ಯಾವಾಗ್ಲೇ ಗೊತ್ತಿತ್ತು. ಎಂತ ಹೇಳಿದ್ರೂ ಹ್ಞೂಂ ಹೇಳಲೆ ಶುರು ಮಾಡಿದಾಗ್ಲೇ ಗೊತ್ತಾಜು. ಮದುವೆ ಆದಾಗಿಂದ ಒಂದಕ್ಕೂ ಹ್ಞೂಂ ಹೇಳಿದ್ದಿಲ್ಲೆ," ಎಂದಳು. "ನಾಳೆ ಹುಬ್ಬಳ್ಳಿಗೆ ಹೋಪನ, ಕಿವಿ ಡಾಕ್ಟ್ರ ಹತ್ರ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಹಾರೈಕೆ: ಕಿವಿಯಲ್ಲಿ ಗುಗ್ಗೆ ಕಟ್ಟಿರಲಿ ದೇವರೇ. ನಾನು ಹೆಡ್ಡು ಒರೆಸಿದ ಹಾಗೆ ಡಾಕ್ಟರು ಹತ್ತಿ ಹಾಕಿ ಒರೆಸಿಬಿಡಲಿ, ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತೇನೆ. ಡಾಕ್ಟರು ದೀಪ ಹಿಡಿದು ಎರಡೂ ಕಿವಿಯೊಳಗೆ ನೋಡಿದರು.

"ಚೊಕ್ಕ ಇದೆ," ಎಂದರು.

ಸೆಟ್ಟು ಬಿಚ್ಚಿದಾಗ ಧೂಳಿದ್ದರೆ ರಿಪೇರಿಯವನಿಗೆ ಸಮಾಧಾನ. ಒಳಗೆಲ್ಲ ಚೊಕ್ಕವಿದ್ದೂ ಕೇಳುವುದಿಲ್ಲ ಎಂದರೆ ದೋಷ ಕೈಗೆ ಸಿಗದ ಕಡೆ ಇದೆ ಅಂತ ಅರ್ಥ. ಇಂಥ ಸೆಟ್ಟುಗಳನ್ನು ನಾನು ಎಷ್ಟೋ ಜನಕ್ಕೆ "ಇದರ ಆಸೆ ಬಿಡಿ" ಎಂದು ವಾಪಸು ಕೊಟ್ಟಿದ್ದೆ.

"ಮಶೀನಿನ ಮೇಲೆ ಒಂದು ಪರೀಕ್ಷೆ ಮಾಡೋಣ. ಆಮೇಲೆ ನೋಡುವಾ," ಎಂದು ಪಕ್ಕದ ಕೋಣೆಗೆ ಕಳಿಸಿದರು.

ಸುತ್ತ ಗೋಡೆಗೆ ದಪ್ಪ ಸ್ಪಂಜು ಹೊಡೆದ ಸಣ್ಣ ಕೋಣೆ. ಮೇಜಿನ ಮೇಲೆ ಒಂದು ಮಶೀನು. ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಬಟನ್ನು ಕೊಟ್ಟಳು. ಜೋರಾಗಿ, ಬಿಡಿಸಿ ಹೇಳಿದಳು: "ಕಿವಿಯಲ್ಲಿ ಏನು ಶಬ್ದ ಕೇಳಿದರೂ ಬಟನ್ ಒತ್ತಿ. ಎಷ್ಟು ಸಣ್ಣ ಶಬ್ದ ಆದರೂ ಒತ್ತಿ." ಆಮೇಲೆ ದೊಡ್ಡ ಹೆಡ್‌ಫೋನು ತಂದು ತಲೆಗೆ ಏರಿಸಿದಳು. ಹೆಂಡತಿ ಬಾಗಿಲ ಹತ್ತಿರ ಪರ್ಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಏರಿಸಿದ್ದೇ ತಡ, ಕೇಳಿತು! ಎಡದ ಕಿವಿಯಲ್ಲಿ ಸಣ್ಣಗೆ ಕೊಯ್ಯ್ ಅಂತ, ಬಲದಲ್ಲಿ ಗುಂಯ್ ಅಂತ. ಬಟನ್ ಒತ್ತಿದೆ. ಇನ್ನೂ ಕೇಳುತ್ತಲೇ ಇತ್ತು. ಒತ್ತಿ ಹಿಡಿದೇ ಕೂತೆ. ಹೋದ ಜೀವ ಬಂದಂತಾಯಿತು. ಎಷ್ಟು ವರ್ಷಗಳ ಮೇಲೆ ಇಷ್ಟು ಸಣ್ಣ ಶಬ್ದ ಇಷ್ಟು ಸ್ಪಷ್ಟ ಕೇಳುತ್ತಿದೆ! ಕಿವಿ ಮುಚ್ಚಿ ಕೇಳಿದ್ದರಿಂದ ಬೇರೆ ಏನೂ ಅಡ್ಡ ಬರುತ್ತಿರಲಿಲ್ಲ. ಆದರೆ ಮರುಕ್ಷಣವೇ ನನ್ನೊಳಗಿನ ರಿಪೇರಿಯವನು ಎದ್ದು ಕೂತ. ಪರೀಕ್ಷೆಯ ಮಶೀನಿನಲ್ಲಿ ಹೀಗೆ ಬಿಡದೇ ಗುಂಯ್‌ಗುಡಬಹುದೇ? ಇದು ದೋಷ. ಖಂಡಿತ ದೋಷ.

ಹುಡುಗಿ ನಾನು ಬಟನ್ ಒತ್ತುತ್ತಿರುವುದನ್ನು ನೋಡಿ ಹತ್ತಿರ ಬಂದು ಹೆಡ್‌ಫೋನಿನ ಒಂದು ಬದಿ ಎತ್ತಿದಳು.

"ಏನಾಯ್ತು?"

"ನಿಮ್ಮ ಮಶೀನು ರಿಪೇರಿ ಕೇಳ್ತಾ ಇದೆ ತಂಗಿ," ಎಂದೆ. "ಬಲಕ್ಕೆ ಗುಂಯ್ ಅಂತದೆ, ಅದು ಅರ್ಥಿಂಗಿನ ದೋಷ. ಕರೆಂಟಿನ ಸದ್ದು ಒಳಗೆ ನುಗ್ಗಿದೆ. ಎಡದ್ದು ಬೇರೆ, ಅಲ್ಲಿ ಯಾವುದೋ ಕಂಡೆನ್ಸರ್ ಸೋರ್ತಿದೆ. ಇಷ್ಟು ದೋಷ ಇಟ್ಟುಕೊಂಡು ಜನರ ಕಿವಿ ಪರೀಕ್ಷೆ ಮಾಡಿದರೆ ಹೇಗೆ? ಒಳ್ಳೆ ಕಿವಿಯನ್ನೂ ಕೆಟ್ಟದು ಅಂತ ಬರೆದುಬಿಡ್ತೀರಿ."

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ. ಹದಿನೈದು ವರ್ಷದ ಅನುಭವ ಬಾಯಲ್ಲಿ ಹರಿಯುತ್ತಿತ್ತು. ಡಾಕ್ಟರಿಗೂ ಹೇಳಿ, ಬೇಕಾದರೆ ನಾನೇ ಇಲ್ಲೇ ಕೂತು ಸರಿ ಮಾಡಿಕೊಡುತ್ತೇನೆ, ಸ್ಕ್ರೂಡ್ರೈವರ್ ಒಂದು ಸಿಕ್ಕಿದರೆ ಸಾಕು ಎಂದೆ. ಹೆಂಡತಿಯ ಕಡೆ ತಿರುಗಿ ಗೆದ್ದವನ ಹಾಗೆ ಹೇಳಿದೆ: "ನೋಡಿದ್ಯಾ? ಇಷ್ಟು ಸಣ್ಣ ದೋಷ ಹಿಡದ್ದಿ. ಎನ್ನ ಕಿವಿಗೆ ಎಂತದೂ ಆಯ್ದಿಲ್ಲೆ. ನಾಳೆ ಅಂಗಡಿ ಬಾಗ್ಲು ತೆಗೆತೆ."

ಅವಳ ಮುಖ ನೋಡಿದೆ. ಎರಡು ವರ್ಷ ಮುಖ ನೋಡಿಯೇ ಕಸುಬು ಮಾಡಿದವನು ನಾನು. ಆದರೂ ಆ ಮುಖದಲ್ಲಿ ಏನಿದೆ ಅಂತ ನನಗೆ ತಿಳಿಯಲಿಲ್ಲ.

"ಸಾಮಾನ್ಯವಾಗಿ ವೈರು ಜಾಕಿನ ಹತ್ತಿರವೇ ತುಂಡಾಗಿರ್ತದೆ," ಎಂದು ಹುಡುಗಿಗೆ ಮತ್ತೆ ಹೇಳಿದೆ. "ಈ ಹೆಡ್‌ಫೋನಿನ ವೈರು ಮಶೀನಿಗೆ ಚುಚ್ಚಿದ ಜಾಗ ಒಮ್ಮೆ ತೋರಿಸಿ."

ಹುಡುಗಿ ಬಗ್ಗಿ, ನನ್ನ ಕುರ್ಚಿಯ ಕಾಲಿನ ಹತ್ತಿರ ನೆಲದ ಮೇಲೆ ಬಿದ್ದಿದ್ದ ವೈರಿನ ತುದಿಯನ್ನು ಎತ್ತಿ ನನ್ನ ಕೈಯಲ್ಲಿಟ್ಟಳು. ಅದನ್ನು ಇನ್ನೂ ಮಶೀನಿಗೆ ಚುಚ್ಚಿರಲೇ ಇಲ್ಲ.